ಆಪರೇಟಿಂಗ್ ಸಿಸ್ಟಮ್ ಬದಲಾದ ಮೇಲೆ ಮೂಕವಾದ ಹಳೆಯ ಧ್ವನಿ ಸಾಧನಗಳು: ಧರ್ಮಕೇಂದ್ರಗಳಿಗೊಂದು ಕೈಪಿಡಿ

ಚಾಮರಾಜನಗರದ ಸಮೀಪದ ಹರದನಹಳ್ಳಿಯಿಂದ ನಮ್ಮ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರು ಫೋನ್ ಮಾಡಿದ್ದರು. "ಸ್ವಾಮೀ, ನಮ್ ಕಂಪ್ಯೂಟ್ರು ಮೂಗಾಗ್ಬುಟ್ಟದ" ಎಂಬುದು ಅವರ ದೂರು. ಅವರ ಮನೆಯಲ್ಲಿ ಒಂದು ಟ್ರಂಕು ತುಂಬ ಕ್ಯಾಸೆಟ್‌ಗಳಿವೆ. ಕಂಸಾಳೆಯವರು ಹಾಡಿದ ಮಾದಪ್ಪನ ಕಥೆ, ನೀಲಗಾರರು ಹಾಡಿದ ಮಂಟೇಸ್ವಾಮಿ ಕಥೆ, ಊರಿನ ಮದುವೆಗಳ ಸೋಬಾನೆ ಪದಗಳು ಹೀಗೆ ಅವರೇ ಟೇಪ್ ರೆಕಾರ್ಡರ್ ಹಿಡಿದು ಊರೂರು ತಿರುಗಿ ಮುದ್ರಿಸಿಕೊಂಡದ್ದು. ಹಾಡಿದವರಲ್ಲಿ ಹಲವರು ಈಗಿಲ್ಲ. ಹಳೆಯ ಕಂಪ್ಯೂಟರಿಗೆ ಒಂದು ಸೌಂಡ್ ಕಾರ್ಡ್ ಹಾಕಿಸಿಕೊಂಡು, ಬಿಡುವಾದಾಗಲೆಲ್ಲ ಒಂದೊಂದೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದರು. ಮನೆಯವರು ವಿಂಡೋಸ್ 7 ತೆಗೆದು ವಿಂಡೋಸ್ 10 ಹಾಕಿಸಿದ ದಿನದಿಂದ ಆ ಕಾರ್ಡ್ ಮಾತಾಡಲಿಲ್ಲ. "ಕಾರ್ಡು ಸತ್ತಿದೆ, ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳಿ" ಎಂದು ಅಂಗಡಿಯವರು ಹೇಳಿ ಕಳಿಸಿದರು. ಕೆಲಸ ಅಲ್ಲಿಗೇ ನಿಂತಿತು.

ಇದು ಹರದನಹಳ್ಳಿಯ ಒಂದು ಮನೆಯ ಕಥೆ ಮಾತ್ರ ಅಲ್ಲ. ನಮ್ಮ ಕರಾವಳಿಯ ಧರ್ಮಕೇಂದ್ರಗಳಿಂದಲೂ ಇಂಥದೇ ಪ್ರಶ್ನೆಗಳು ನಮಗೆ ಬರುತ್ತಿವೆ. ಗಾಯನ ಮಂಡಳಿಯ ಮಿಕ್ಸರು, ಸಭಾಭವನದ ರೆಕಾರ್ಡಿಂಗ್ ಪೆಟ್ಟಿಗೆ, ಕಚೇರಿಯ ಹಳೆಯ ಡೆಸ್ಕ್‌ಟಾಪ್ ಇವೆಲ್ಲ ಚೆನ್ನಾಗಿಯೇ ಇದ್ದು, ಕಂಪ್ಯೂಟರಿನ ಸಿಸ್ಟಮ್ ಬದಲಾದ ಕೂಡಲೇ ಮೂಕವಾಗುತ್ತವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡ ಮೇಲೆ ಸಿಸ್ಟಮ್ ಬದಲಿಸುವವರ ಸಂಖ್ಯೆ ಹೆಚ್ಚಿದೆ. ಅದರೊಂದಿಗೆ ಗುಜರಿಗೆ ಹೋಗುವ ಒಳ್ಳೆಯ ಸಾಧನಗಳೂ ಹೆಚ್ಚಿವೆ. ಆದ್ದರಿಂದ ಈ ವಿಷಯವನ್ನು ಒಂದೆಡೆ ಕ್ರಮವಾಗಿ ಬರೆದಿಡುವುದು ಒಳ್ಳೆಯದೆಂದು ನಮಗೆ ತೋರಿತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ನಿನ್ನೆ ಸರಿಯಾಗಿದ್ದು, ಸಿಸ್ಟಮ್ ಬದಲಿಸಿದ ಮರುದಿನವೇ ನಿಂತ ಸಾಧನ ಬಹುಮಟ್ಟಿಗೆ ಕೆಟ್ಟಿರುವುದಿಲ್ಲ. ಅದಕ್ಕೂ ಕಂಪ್ಯೂಟರಿಗೂ ನಡುವೆ ಇದ್ದ ದುಭಾಷಿ ಬಿಟ್ಟುಹೋಗಿರುತ್ತಾನೆ, ಅಷ್ಟೆ.

ದುಭಾಷಿ ಎಂದರೆ ಯಾರು?

ಸೌಂಡ್ ಕಾರ್ಡಿನ ಒಳಗಿರುವ ಚಿಪ್‌ಗೆ ತನ್ನದೇ ಆದ ಭಾಷೆಯಿದೆ. ವಿಂಡೋಸ್ ಅಥವಾ ಲಿನಕ್ಸ್‌ಗೆ ಬೇರೆಯೇ ಭಾಷೆ. ಇವೆರಡನ್ನೂ ಬಲ್ಲ ಸಣ್ಣ ತಂತ್ರಾಂಶವನ್ನು ಡ್ರೈವರ್ ಎನ್ನುತ್ತಾರೆ. ಸಿಸ್ಟಮ್ ಬದಲಾದಾಗ ಅದರ ಭಾಷೆಯೂ ಸ್ವಲ್ಪ ಬದಲಾಗುತ್ತದೆ. ಹಳೆಯ ಡ್ರೈವರಿಗೆ ಹೊಸ ಮಾತು ತಿಳಿಯದು. ತಯಾರಕರು ಹೊಸ ಡ್ರೈವರ್ ಬರೆದುಕೊಟ್ಟರೆ ಸಾಧನ ಮತ್ತೆ ಮಾತಾಡುತ್ತದೆ. ಹತ್ತು ಹದಿನೈದು ವರ್ಷ ಹಿಂದೆ ಮಾರಿದ ವಸ್ತುವಿಗೆ ಮತ್ತೆ ದುಡಿಯಲು ಹೆಚ್ಚಿನ ತಯಾರಕರಿಗೆ ಮನಸ್ಸಿರುವುದಿಲ್ಲ. ಅವರಿಗೆ ಹೊಸ ಮಾದರಿ ಮಾರುವುದೇ ಲಾಭ.

ವಿಂಡೋಸ್‌ನಲ್ಲಿ ಹಳೆಯ ಧ್ವನಿ ಸಾಧನಗಳು ಮೂಕವಾದದ್ದು ಮುಖ್ಯವಾಗಿ ನಾಲ್ಕು ಘಟ್ಟಗಳಲ್ಲಿ:

1. 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ ಧ್ವನಿಯ ವ್ಯವಸ್ಥೆಯನ್ನು ಬುಡದಿಂದಲೇ ಬದಲಿಸಿತು. ಡೈರೆಕ್ಟ್‌ಸೌಂಡ್ ಮೂಲಕ ಕಾರ್ಡ್ ತಾನೇ ಧ್ವನಿಗಳನ್ನು ಬೆರೆಸಿ ಕೊಡುತ್ತಿದ್ದ ಸೌಲಭ್ಯ ಹೋಯಿತು. ವಿಂಡೋಸ್ ಎಕ್ಸ್‌ಪಿಗೆಂದು ಬರೆದ ಎಷ್ಟೋ ಡ್ರೈವರುಗಳು ಅಲ್ಲಿಗೆ ನಿಂತವು.

2. 64 ಬಿಟ್ ಸಿಸ್ಟಮ್‌ಗಳು ಬಂದಾಗ 32 ಬಿಟ್ ಡ್ರೈವರುಗಳು ಕೆಲಸಕ್ಕೆ ಬಾರದಾದವು. ಜೊತೆಗೆ, 64 ಬಿಟ್ ವಿಸ್ಟಾದಿಂದ ಮುಂದಕ್ಕೆ ಡ್ರೈವರಿನ ಮೇಲೆ ಅಧಿಕೃತ ಡಿಜಿಟಲ್ ಸಹಿ ಇರಲೇಬೇಕೆಂಬ ನಿಯಮ ಬಂತು.

3. 2016ರಲ್ಲಿ ವಿಂಡೋಸ್ 10ರ 1607 ಆವೃತ್ತಿ ಈ ಸಹಿಯ ನಿಯಮವನ್ನು ಇನ್ನೂ ಬಿಗಿಗೊಳಿಸಿತು. ಹೊಸದಾಗಿ ಬರೆದ ಡ್ರೈವರುಗಳಿಗೆ ಮೈಕ್ರೋಸಾಫ್ಟಿನ ಸಹಿಯೇ ಬೇಕಾಯಿತು.

4. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಅದರ ಮೆಮೊರಿ ಇಂಟೆಗ್ರಿಟಿ ಎಂಬ ಕಾವಲು ವ್ಯವಸ್ಥೆ ಎಷ್ಟೋ ಹಳೆಯ ಡ್ರೈವರುಗಳನ್ನು ಒಳಗೆ ಬಿಡುವುದಿಲ್ಲ.

ವಿಸ್ಟಾ ಕಾಲದ ಒಂದು ಪ್ರಸಂಗ ಇಲ್ಲಿ ನೆನಪಿಡತಕ್ಕದ್ದು. ಸೌಂಡ್ ಬ್ಲಾಸ್ಟರ್ ಕಾರ್ಡುಗಳನ್ನು ತಯಾರಿಸುವ ಸಿಂಗಾಪುರದ ಕ್ರಿಯೇಟಿವ್ ಕಂಪನಿಯ ವಿಸ್ಟಾ ಡ್ರೈವರುಗಳಲ್ಲಿ ಹಲವು ಸೌಲಭ್ಯಗಳು ಕಾಣೆಯಾಗಿದ್ದವು. ಬ್ರೆಜಿಲಿನ ಒಬ್ಬ ಬಳಕೆದಾರ ಅವುಗಳನ್ನು ತಾನೇ ತಿದ್ದಿ ಇತರರಿಗೂ ಹಂಚತೊಡಗಿದ. 2008ರ ಮಾರ್ಚ್‌ನಲ್ಲಿ ಕಂಪನಿಯ ಉಪಾಧ್ಯಕ್ಷರು, ಹಂಚುವುದನ್ನು ನಿಲ್ಲಿಸಬೇಕೆಂದು ಆತನಿಗೆ ಬಹಿರಂಗವಾಗಿಯೇ ಬರೆದರು. ಬಳಕೆದಾರರು ಕೆರಳಿದರು, ಕಂಪನಿ ತನ್ನ ನಿಲುವನ್ನು ಸಡಿಲಿಸಬೇಕಾಯಿತು. ಸಾಧನಕ್ಕೆ ಹಣ ಕೊಟ್ಟವರು ನಾವಾದರೂ ಅದರ ಆಯುಸ್ಸು ಬೇರೆಯವರ ಕೈಯಲ್ಲಿದೆ ಎಂಬುದು ಆಗ ಬಹಳ ಮಂದಿಗೆ ಮೊದಲ ಸಲ ಮನದಟ್ಟಾಯಿತು.

ಮೊದಲ ಅರ್ಧ ಗಂಟೆಯಲ್ಲಿ ನೋಡಬೇಕಾದದ್ದು

ಡ್ರೈವರ್ ಹುಡುಕುವ ಮುಂಚೆ ಸರಳ ಕಾರಣಗಳನ್ನು ತೆಗೆದುಹಾಕಬೇಕು. ನಮ್ಮ ಅನುಭವದಲ್ಲಿ ಎಷ್ಟೋ ದೂರುಗಳು ಇಲ್ಲಿಯೇ ಮುಗಿದಿವೆ.

ವಿಂಡೋಸ್ ತಾನೇ ಬೇರೆ ಸಾಧನವನ್ನು ಆರಿಸಿಕೊಂಡಿದೆಯೇ? ಸಿಸ್ಟಮ್ ಬದಲಾದಾಗ ಧ್ವನಿ ಮಾನಿಟರಿನ ಎಚ್‌ಡಿಎಂಐ ತಂತಿಯ ಕಡೆಗೆ ಹೋಗಿರುವುದು ಸಾಮಾನ್ಯ. ಪರದೆಯ ಕೆಳಗಿನ ಸ್ಪೀಕರ್ ಚಿತ್ರವನ್ನು ಒತ್ತಿ, ಸರಿಯಾದ ಸಾಧನವನ್ನು ಆರಿಸಿರಿ.

ಲೈನ್ ಇನ್ ಕಾಣುತ್ತಿಲ್ಲವೇ? ಹಳೆಯ ಸೌಂಡ್ ಕಿಟಕಿಯ ರೆಕಾರ್ಡಿಂಗ್ ಪುಟದಲ್ಲಿ ಖಾಲಿ ಜಾಗದ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ, ನಿಷ್ಕ್ರಿಯವಾದ ಸಾಧನಗಳನ್ನು ತೋರಿಸು ಎಂಬ ಆಯ್ಕೆ ಬರುತ್ತದೆ. ಲೈನ್ ಇನ್ ಮತ್ತು ಸ್ಟೀರಿಯೊ ಮಿಕ್ಸ್ ಅನೇಕ ವೇಳೆ ಅಲ್ಲಿ ಅಡಗಿ ಕುಳಿತಿರುತ್ತವೆ.

ಮೈಕ್ ಚೆನ್ನಾಗಿದ್ದರೂ ಮುದ್ರಣದಲ್ಲಿ ಬರೀ ಮೌನವೇ? 2018ರ ನಂತರದ ವಿಂಡೋಸ್ 10 ಹಾಗೂ ವಿಂಡೋಸ್ 11ರಲ್ಲಿ ಮೈಕ್ರೊಫೋನ್ ಬಳಸಲು ತಂತ್ರಾಂಶಗಳಿಗೆ ಅನುಮತಿ ಬೇಕು. ಸೆಟ್ಟಿಂಗ್ಸ್‌ನ ಪ್ರೈವೆಸಿ ಭಾಗದಲ್ಲಿ ಮೈಕ್ರೊಫೋನ್ ಪುಟಕ್ಕೆ ಹೋಗಿ, ಡೆಸ್ಕ್‌ಟಾಪ್ ತಂತ್ರಾಂಶಗಳಿಗೂ ಅನುಮತಿ ಕೊಡಬೇಕು. ಆಡಾಸಿಟಿಯಲ್ಲಿ ನೇರ ಗೆರೆ ಮಾತ್ರ ಮೂಡುತ್ತಿದ್ದರೆ ಇದನ್ನೇ ಮೊದಲು ನೋಡಿರಿ. ಲೈನ್ ಇನ್ನಿಗೂ ಇದೇ ಅನುಮತಿ ಅನ್ವಯಿಸುತ್ತದೆ.

ಧ್ವನಿ ಬರುತ್ತಿದ್ದರೂ ಸಂಗೀತ ಕುಗ್ಗಿ ಹಿಗ್ಗಿ ಕೇಳುತ್ತಿದೆಯೇ? ಮಾತಿಗೆಂದು ಮಾಡಿದ ಗದ್ದಲ ನಿವಾರಣೆಯ ಸೌಲಭ್ಯ ಹಾರ್ಮೋನಿಯಮ್ಮನ್ನೂ ಗದ್ದಲವೆಂದೇ ಎಣಿಸುತ್ತದೆ. ಸಾಧನದ ಪ್ರಾಪರ್ಟೀಸ್‌ನಲ್ಲಿ ಆಡಿಯೊ ಎನ್‌ಹಾನ್ಸ್‌ಮೆಂಟ್ಸ್ ಎಂಬುದನ್ನು ಆರಿಸಿಬಿಡಿ.

ತಂತಿ ಸರಿಯಾದ ತೂತಿನಲ್ಲಿದೆಯೇ? ಡೆಸ್ಕ್‌ಟಾಪಿನ ಹಿಂದೆ ಹಸಿರು ಬಣ್ಣದ್ದು ಸ್ಪೀಕರಿಗೆ, ಗುಲಾಬಿ ಮೈಕಿಗೆ, ನೀಲಿ ಲೈನ್ ಇನ್ನಿಗೆ. ಟೇಪ್ ಡೆಕ್ ಮತ್ತು ಮಿಕ್ಸರಿನ ತಂತಿ ನೀಲಿಗೇ ಹೋಗಬೇಕು. ಗುಲಾಬಿಗೆ ಹಾಕಿದರೆ ಧ್ವನಿ ಒಡೆದು ಕೇಳುತ್ತದೆ.

ಕೊನೆಯದಾಗಿ, ನಮ್ಮ ಕರಾವಳಿಯವರಿಗೆ ಮಾತ್ರ ಒಂದು ಮಾತು. ಉಪ್ಪುಗಾಳಿ ಮತ್ತು ಮಳೆಗಾಲದ ತೇವಕ್ಕೆ ತಾಮ್ರ, ಹಿತ್ತಾಳೆ ಕಿಲುಬು ಹಿಡಿಯುತ್ತವೆ. ಸಿಸ್ಟಮ್ ಹಾಕಿಸಲು ಪೆಟ್ಟಿಗೆಯನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ ತಂದಾಗ ಕಾರ್ಡ್ ಸಡಿಲವಾಗಿರುವುದೂ ಉಂಟು. ವಿದ್ಯುತ್ ತಂತಿಯನ್ನು ಪೂರ್ತಿ ಕಳಚಿ, ಕಾರ್ಡನ್ನು ಹೊರತೆಗೆದು, ಅದರ ಹಳದಿ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರೆಸಿ, ಮತ್ತೆ ಗಟ್ಟಿಯಾಗಿ ಕೂರಿಸಿರಿ.

ಸಾಧನದ ನಿಜವಾದ ಹೆಸರು ತಿಳಿಯುವುದು

ಇಷ್ಟಾದರೂ ಆಗದಿದ್ದರೆ ಚಿಪ್ ಯಾವುದೆಂದು ತಿಳಿಯಬೇಕು. ಡಬ್ಬಿಯ ಮೇಲಿನ ಹೆಸರು ಸಾಲದು. ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಿಪ್‌ಗಳನ್ನು ಹಾಕಿ ಮಾರಿದ್ದುಂಟು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತಿನ ಸಾಧನದ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಪುಟಕ್ಕೆ ಹೋಗಿ, ಹಾರ್ಡ್‌ವೇರ್ ಐಡಿ ಎಂಬುದನ್ನು ಆರಿಸಿರಿ. ಅಲ್ಲಿ ನಾಲ್ಕು ನಾಲ್ಕು ಅಕ್ಷರಗಳ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಚಿಪ್ ತಯಾರಕರದು, ಎರಡನೆಯದು ಚಿಪ್‌ನದು. ಸಾಮಾನ್ಯವಾಗಿ ಸಿಗುವ ಕೆಲವು ಹೀಗಿವೆ:

1102 ಮತ್ತು 0002: ಕ್ರಿಯೇಟಿವ್‌ನ ಸೌಂಡ್ ಬ್ಲಾಸ್ಟರ್ ಲೈವ್. 1998ರಲ್ಲಿ ಬಂದ ಮಾದರಿ.
1102 ಮತ್ತು 0004: ಅದೇ ಕಂಪನಿಯ ಆಡಿಜಿ.
1274 ಮತ್ತು 1371: ಎನ್ಸೋನಿಕ್ ಆಡಿಯೊಪಿಸಿಐ.
13ಎಫ್6 ಮತ್ತು 0111: ಸಿ-ಮೀಡಿಯಾ 8738. ಕಡಿಮೆ ಬೆಲೆಯ ಕಾರ್ಡುಗಳಲ್ಲಿ ಇದೇ ಹೆಚ್ಚು.
1412 ಮತ್ತು 1712: ಎನ್ವಿ24. ಎಂ-ಆಡಿಯೊ ಡೆಲ್ಟಾದಂಥ ಸ್ಟುಡಿಯೊ ಕಾರ್ಡುಗಳಲ್ಲಿ ಇರುವುದು.
10ಇಸಿ ಎಂದು ಮೊದಲಾಗುವುದು: ರಿಯಲ್‌ಟೆಕ್. ಇದು ಮದರ್‌ಬೋರ್ಡಿನಲ್ಲೇ ಕೂಡಿ ಬಂದಿರುತ್ತದೆ.

ರಿಯಲ್‌ಟೆಕ್ ಆಗಿದ್ದರೆ ಚಿಂತೆ ಕಡಿಮೆ. 2004ರಲ್ಲಿ ಇಂಟೆಲ್ ರೂಪಿಸಿದ ಎಚ್‌ಡಿ ಆಡಿಯೊ ಎಂಬ ಸಾಮಾನ್ಯ ನಿಯಮವನ್ನು ಪಾಲಿಸುವ ಚಿಪ್‌ಗಳಿಗೆ ವಿಸ್ಟಾದಿಂದ ಈಚೆಗೆ ವಿಂಡೋಸ್‌ನಲ್ಲೇ ಒಂದು ಡ್ರೈವರ್ ಇದೆ. ತಯಾರಕರ ಡ್ರೈವರ್ ತೊಂದರೆ ಕೊಟ್ಟರೆ ಅದನ್ನು ತೆಗೆದು ಇದನ್ನೇ ಹಾಕಬಹುದು. ಪಿಸಿಐ ಕಾರ್ಡುಗಳದೇ ನಿಜವಾದ ಕಷ್ಟ.

ನಾಲ್ಕು ದಾರಿಗಳು

ಒಂದನೆಯ ದಾರಿ: ಹಳೆಯ ಡ್ರೈವರನ್ನೇ ಹಾಕಿ ನೋಡುವುದು. ವಿಂಡೋಸ್ 7 ಅಥವಾ 8ಕ್ಕೆಂದು ಬರೆದ 64 ಬಿಟ್ ಡ್ರೈವರ್ ಇದ್ದರೆ ಅದು ಹೊಸ ವಿಂಡೋಸ್‌ನಲ್ಲಿಯೂ ನಡೆಯುವ ಸಂಭವ ಚೆನ್ನಾಗಿಯೇ ಇದೆ. "ಈ ಸಿಸ್ಟಮ್‌ಗೆ ಹೊಂದುವುದಿಲ್ಲ" ಎಂದು ಸ್ಥಾಪಿಸುವ ಕಡತ ಹಟ ಹಿಡಿದರೆ, ಅದರ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಪುಟದಲ್ಲಿ ವಿಂಡೋಸ್ 7 ಆರಿಸಿ ಮತ್ತೆ ಓಡಿಸಿರಿ. ಎಕ್ಸ್‌ಪಿಯ ಡ್ರೈವರಿಗೆ ಈ ಉಪಾಯ ಫಲಿಸುವುದಿಲ್ಲ. ಡ್ರೈವರನ್ನು ತಯಾರಕರ ತಾಣದಿಂದ ಮಾತ್ರ ಪಡೆಯಿರಿ. ಎಲ್ಲ ಡ್ರೈವರುಗಳನ್ನೂ ತಾನೇ ಹುಡುಕಿ ಕೊಡುತ್ತೇನೆಂದು ಜಾಹೀರಾತು ಕೊಡುವ ತಂತ್ರಾಂಶಗಳನ್ನು ಕಚೇರಿಯ ಕಂಪ್ಯೂಟರಿಗೆ ಹಾಕಬೇಡಿ. ಅವುಗಳ ಬೆನ್ನಿಗೆ ವೈರಸ್ ಬರುವುದುಂಟು. ಸಹಿ ಪರೀಕ್ಷೆ, ಮೆಮೊರಿ ಇಂಟೆಗ್ರಿಟಿ ಇವುಗಳನ್ನು ಆರಿಸಿ ಡ್ರೈವರ್ ಹಾಕುವ ಉಪಾಯವೂ ಇದೆ. ಬ್ಯಾಂಕಿನ ಲೆಕ್ಕವೂ ಜ್ಞಾನಸ್ನಾನದ ದಾಖಲೆಗಳೂ ಇರುವ ಕಂಪ್ಯೂಟರಿನಲ್ಲಿ ಅದನ್ನು ಮಾಡಕೂಡದು.

ಎರಡನೆಯ ದಾರಿ: ಲಿನಕ್ಸ್. ಹಳೆಯ ಸೌಂಡ್ ಕಾರ್ಡುಗಳ ಮಟ್ಟಿಗೆ ಇದು ಹೆಚ್ಚು ಫಲ ಕೊಡುವ ದಾರಿ. ಕಾರಣ ಹೀಗಿದೆ. ವಿಂಡೋಸ್‌ನಲ್ಲಿ ಡ್ರೈವರ್ ತಯಾರಕರ ಸ್ವತ್ತು. ಲಿನಕ್ಸ್‌ನಲ್ಲಿ ಅದು ಸಿಸ್ಟಮ್ಮಿನ ತಿರುಳಾದ ಕರ್ನೆಲ್‌ನ ಭಾಗವೇ ಆಗಿರುತ್ತದೆ. ತಿರುಳು ಬದಲಾದಾಗ ಬದಲಿಸಿದವರೇ ಡ್ರೈವರನ್ನೂ ತಿದ್ದುತ್ತಾರೆ. 1998ರಲ್ಲಿ ಯಾರೊಸ್ಲಾವ್ ಕಿಸೆಲಾ ಆರಂಭಿಸಿದ ಆಲ್ಸಾ ಎಂಬ ಧ್ವನಿ ವ್ಯವಸ್ಥೆ, 2003ರ ಡಿಸೆಂಬರಿನಲ್ಲಿ ಬಂದ 2.6 ಕರ್ನೆಲ್‌ನ ಅಂಗವಾಯಿತು. ಮೇಲೆ ಹೇಳಿದ ಲೈವ್, ಆಡಿಜಿ, ಎನ್ಸೋನಿಕ್, ಸಿ-ಮೀಡಿಯಾ, ಎನ್ವಿ24 ಚಿಪ್‌ಗಳಿಗೆಲ್ಲ ಅದರಲ್ಲಿ ಡ್ರೈವರ್ ಇದೆ.

ಇದನ್ನು ಪರೀಕ್ಷಿಸಲು ವಿಂಡೋಸನ್ನು ಅಳಿಸಬೇಕಾಗಿಲ್ಲ. 8 ಜಿಬಿಯ ಖಾಲಿ ಪೆನ್‌ಡ್ರೈವಿಗೆ ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಉಬುಂಟು ಅಥವಾ ಲಿನಕ್ಸ್ ಮಿಂಟ್ ಇಳಿಸಿ, ಕಂಪ್ಯೂಟರನ್ನು ಆ ಪೆನ್‌ಡ್ರೈವಿನಿಂದ ಆರಂಭಿಸಿದರೆ ಸಾಕು. ಸ್ಥಾಪಿಸದೆ ಬಳಸಿ ನೋಡುವ ಆಯ್ಕೆಯನ್ನು ಒತ್ತಿರಿ. ಕಾರ್ಡ್ ನಿಜವಾಗಿ ಸತ್ತಿದೆಯೋ ಇಲ್ಲವೋ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಲಿನಕ್ಸ್ ಬಳಸಲು ಮನಸ್ಸಿಲ್ಲದವರೂ ಈ ಪರೀಕ್ಷೆಯನ್ನು ಮಾಡದೆ ಕಾರ್ಡನ್ನು ಎಸೆಯಬಾರದು.

ಇಲ್ಲಿ ಮೂರು ಎಚ್ಚರಿಕೆಗಳು. ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ. ಹೀಗೆ ತಾತ್ಕಾಲಿಕವಾಗಿ ಆರಂಭಿಸಿದ ಲಿನಕ್ಸ್‌ನಲ್ಲಿ ಮುದ್ರಿಸಿದ್ದನ್ನು ಬೇರೊಂದು ಡಿಸ್ಕಿನಲ್ಲಿ ಉಳಿಸದಿದ್ದರೆ, ಕಂಪ್ಯೂಟರ್ ಆರಿಸಿದೊಡನೆ ಅದೂ ಹೋಗುತ್ತದೆ. ಮೂರನೆಯದಾಗಿ, ಲಿನಕ್ಸ್‌ನಲ್ಲಿ ಕಾರ್ಡಿನ ಹೆಸರು ಕಾಣಿಸಿಯೂ ಧ್ವನಿ ಬಾರದಿದ್ದರೆ ಹೆದರಬೇಡಿ. ಟರ್ಮಿನಲ್ ತೆರೆದು ಆಲ್ಸಾಮಿಕ್ಸರ್ ಎಂಬುದನ್ನು ಓಡಿಸಿದರೆ ಉದ್ದುದ್ದ ಕಂಬಗಳು ಕಾಣುತ್ತವೆ. ಕಂಬದ ಕೆಳಗೆ ಎರಡು ಎಂ ಅಕ್ಷರಗಳಿದ್ದರೆ ಆ ದಾರಿಗೆ ಬೀಗ ಬಿದ್ದಿದೆ ಎಂದರ್ಥ. ಎಂ ಕೀಲಿ ಒತ್ತಿದರೆ ತೆರೆಯುತ್ತದೆ. ಸೌಂಡ್ ಬ್ಲಾಸ್ಟರ್ ಲೈವ್‌ನಲ್ಲಿ ಮಾತ್ರ ಇದರ ತಿರುವುಮುರುವು ಒಂದಿದೆ: ಅನಲಾಗ್/ಡಿಜಿಟಲ್ ಔಟ್‌ಪುಟ್ ಜ್ಯಾಕ್ ಎಂಬ ಕಂಬ ತೆರೆದಿದ್ದರೆ ಸಾಮಾನ್ಯ ಸ್ಪೀಕರಿಗೆ ಧ್ವನಿ ಬಾರದು, ಅದನ್ನು ಮುಚ್ಚಬೇಕು.

ಲಿನಕ್ಸ್‌ನಲ್ಲಿಯೂ ಎಲ್ಲವೂ ಸುಗಮವಾಗಿ ನಡೆದಿಲ್ಲ. 2007-08ರಲ್ಲಿ ಫೆಡೋರಾ ಮತ್ತು ಉಬುಂಟು ಪಲ್ಸ್‌ಆಡಿಯೊಗೆ ಬದಲಾದಾಗ ಅನೇಕರ ಕಂಪ್ಯೂಟರುಗಳು ಮೂಕವಾಗಿದ್ದವು. ಈಗ ಆ ಸ್ಥಾನಕ್ಕೆ ಪೈಪ್‌ವೈರ್ ಬಂದಿದೆ: ಫೆಡೋರಾದಲ್ಲಿ 2021ರಲ್ಲಿ, ಉಬುಂಟುವಿನಲ್ಲಿ 2022ರಲ್ಲಿ. ತೀರಾ ಹಳೆಯ 32 ಬಿಟ್ ಯಂತ್ರವಿದ್ದವರು ಇನ್ನೊಂದನ್ನೂ ಗಮನಿಸಬೇಕು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ನ್ನು ಅಂಥ ಯಂತ್ರಗಳಲ್ಲಿ ಹೊಸದಾಗಿ ಸ್ಥಾಪಿಸಲು ಬರುವುದಿಲ್ಲ. ಡೆಬಿಯನ್ 12 ಬೇಕು.

ಮೂರನೆಯ ದಾರಿ: ಹಳೆಯ ಕಂಪ್ಯೂಟರನ್ನು ಹಾಗೆಯೇ ಉಳಿಸಿಕೊಂಡು ಅದರ ಇಂಟರ್ನೆಟ್ ತೆಗೆದುಬಿಡುವುದು. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಬೆಂಬಲ ಮುಗಿಯಿತು. ಇವು ಇಂಟರ್ನೆಟ್‌ನಲ್ಲಿರುವುದು ಅಪಾಯ. ಕೋಣೆಯ ಮೂಲೆಯಲ್ಲಿ ಒಂಟಿಯಾಗಿ ಕುಳಿತು ಕ್ಯಾಸೆಟ್ ಇಳಿಸುವ ಕೆಲಸವನ್ನಷ್ಟೇ ಮಾಡಿದರೆ ಅಡ್ಡಿಯಿಲ್ಲ. ಕಡತಗಳನ್ನು ಪೆನ್‌ಡ್ರೈವಿನಲ್ಲಿ ಹೊರತಂದು, ಹೊಸ ಕಂಪ್ಯೂಟರಿನಲ್ಲಿ ವೈರಸ್ ಪರೀಕ್ಷೆ ಮಾಡಿ ಬಳಸಿರಿ. "ಇಂಟರ್ನೆಟ್ ಹಾಕಬಾರದು" ಎಂದು ಒಂದು ಚೀಟಿ ಬರೆದು ಅಂಟಿಸುವುದನ್ನು ಮರೆಯಬೇಡಿ. ನಮ್ಮಲ್ಲಿ ಸಹಾಯಕ ಗುರುಗಳೂ ಕಚೇರಿ ನೋಡಿಕೊಳ್ಳುವವರೂ ಬದಲಾಗುತ್ತಲೇ ಇರುತ್ತಾರೆ.

ನಾಲ್ಕನೆಯ ದಾರಿ: ಸಾಮಾನ್ಯ ನಿಯಮ ಪಾಲಿಸುವ ಯುಎಸ್‌ಬಿ ಪೆಟ್ಟಿಗೆ ಕೊಳ್ಳುವುದು. ಕ್ಲಾಸ್ ಕಂಪ್ಲಯಂಟ್ ಎಂದು ಡಬ್ಬಿಯ ಮೇಲೆ ಬರೆದಿರುವ ಪೆಟ್ಟಿಗೆಗಳಿಗೆ ತಯಾರಕರ ಡ್ರೈವರೇ ಬೇಡ. ಯುಎಸ್‌ಬಿ ಧ್ವನಿಯ ಮೊದಲ ನಿಯಮಾವಳಿ 1998ರದು. ಎರಡನೆಯದು 2006ರದು, ವಿಂಡೋಸ್ ಅದನ್ನು ತಾನಾಗಿಯೇ ಗುರುತಿಸತೊಡಗಿದ್ದು 2017ರ ವಿಂಡೋಸ್ 10 ಆವೃತ್ತಿಯಿಂದ. ಟೇಪ್ ಡೆಕ್ಕಿನ ಕೆಂಪು ಬಿಳಿ ತಂತಿಗಳನ್ನು ನೇರವಾಗಿ ಸಿಕ್ಕಿಸಬಹುದಾದ ಬೆರಿಂಜರ್ ಯುಸಿಎ202ರಂಥ ಚಿಕ್ಕ ಪೆಟ್ಟಿಗೆ ಕ್ಯಾಸೆಟ್ ಕೆಲಸಕ್ಕೆ ಸಾಕು. ಹೊಸ ಕಂಪ್ಯೂಟರುಗಳ ಮದರ್‌ಬೋರ್ಡಿನಲ್ಲಿ ಹಳೆಯ ಪಿಸಿಐ ಸೀಳು ಇಲ್ಲದಿರುವುದೇ ಹೆಚ್ಚು. ಅಂಥಲ್ಲಿ ಇದೊಂದೇ ನೇರ ದಾರಿ.

ಫೈರ್‌ವೈರ್ ತಂತಿಯ ಮಿಕ್ಸರ್ ಇದ್ದವರು ಬೇಗ ನಿರ್ಧಾರ ಮಾಡಬೇಕು. 2025ರಲ್ಲಿ ಬಂದ ಆ್ಯಪಲ್‌ನ ಮ್ಯಾಕ್ ಓಎಸ್ ಟಾಹೋ ಫೈರ್‌ವೈರ್ ಬೆಂಬಲವನ್ನು ಕೈಬಿಟ್ಟಿತು. ಅಂಥವರು ಮ್ಯಾಕನ್ನು ನವೀಕರಿಸದೆ ಉಳಿಸಿಕೊಳ್ಳಬೇಕು, ಇಲ್ಲವೇ ಲಿನಕ್ಸ್‌ಗೆ ಬರಬೇಕು.

ಕಾಸರಗೋಡಿನ ಶಾಲೆಗಳಿಂದ ಕಲಿಯಬೇಕಾದದ್ದು

ಲಿನಕ್ಸ್ ಎಂದೊಡನೆ "ಅದೆಲ್ಲ ಇಂಜಿನಿಯರುಗಳಿಗೆ" ಎನ್ನುವವರುಂಟು. ಅವರು ನಮ್ಮ ನೆರೆಯಲ್ಲೇ ನೋಡಬಹುದು. ಮಂಗಳೂರು ಧರ್ಮಪ್ರಾಂತ್ಯದ ಬೇಳ, ಕಯ್ಯಾರು ಮೊದಲಾದ ಧರ್ಮಕೇಂದ್ರಗಳಿರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಶಾಲೆಯಲ್ಲಿ ಕಂಪ್ಯೂಟರ್ ಕಲಿಯುವುದು ಲಿನಕ್ಸ್‌ನಲ್ಲಿಯೇ. 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ ಕ್ರಮೇಣ ಪೂರ್ತಿಯಾಗಿ ಸ್ವತಂತ್ರ ತಂತ್ರಾಂಶಕ್ಕೆ ಬದಲಾಯಿತು. 2017ರಿಂದ ಅದು ಕೈಟ್ ಎಂಬ ಸರಕಾರಿ ಕಂಪನಿಯಾಗಿದೆ. ಉಬುಂಟುವಿನ ಆಧಾರದ ಮೇಲೆ ಶಾಲೆಗಳಿಗೆಂದೇ ಸಿದ್ಧಪಡಿಸಿದ ತನ್ನ ಸಿಸ್ಟಮ್ಮನ್ನು ಅದು 2019ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಹೊಸದು ಮಾಡಿತು.

ಇದರಿಂದ ಕಲಿಯಬೇಕಾದದ್ದು ಲಿನಕ್ಸ್‌ನ ಹೊಗಳಿಕೆಯಲ್ಲ. ಎಲ್ಲ ಶಾಲೆಗಳಲ್ಲೂ ಒಂದೇ ಸಿಸ್ಟಮ್ ಇದ್ದರೆ, ಒಂದು ಕಡೆ ತೊಂದರೆಗೆ ಸಿಕ್ಕ ಪರಿಹಾರ ಎಲ್ಲ ಕಡೆಗೂ ಒದಗುತ್ತದೆ. ನಮ್ಮ ವಲಯಗಳಲ್ಲಿ ಹಾಗಿಲ್ಲ. ಒಬ್ಬೊಬ್ಬರು ಒಂದೊಂದು ಅಂಗಡಿಯವರ ಮಾತು ಕೇಳಿ ಒಂದೊಂದು ಬಗೆಯ ಸಾಧನ ಕೊಳ್ಳುತ್ತೇವೆ. ಒಂದು ವಲಯದ ಧರ್ಮಕೇಂದ್ರಗಳೆಲ್ಲ ಸೇರಿ ಒಂದೇ ಮಾದರಿಯನ್ನು ಕೊಂಡರೆ, ಕಲಿತ ಒಬ್ಬ ಯುವಕ ಹತ್ತು ಕಡೆ ಕೈ ಹಚ್ಚಬಹುದು.

ಕ್ಯಾಸೆಟ್‌ಗಳು ಕಾಯುವುದಿಲ್ಲ

ಇಷ್ಟೆಲ್ಲ ಯಾಕೆ ಮಾಡಬೇಕು? ಸೌಂಡ್ ಕಾರ್ಡಿಗಾಗಿ ಅಲ್ಲ, ಅದರ ಮೂಲಕ ಹೊರಬರಬೇಕಾದ ಧ್ವನಿಗಾಗಿ. ಯುನೆಸ್ಕೋ ಮತ್ತು ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘ 2019ರಲ್ಲಿ ಒಂದು ಎಚ್ಚರಿಕೆ ಕೊಟ್ಟವು. ಕಾಂತೀಯ ಟೇಪುಗಳನ್ನು ನುಡಿಸುವ ಯಂತ್ರಗಳು, ಬಿಡಿಭಾಗಗಳು, ಅವನ್ನು ಬಲ್ಲವರು ಎಲ್ಲ ಬೇಗನೆ ಇಲ್ಲವಾಗುತ್ತಿದ್ದು, 2025ರ ಹೊತ್ತಿಗೆ ಟೇಪುಗಳನ್ನು ಡಿಜಿಟಲ್‌ಗೆ ಇಳಿಸುವುದು ತೀರಾ ಕಷ್ಟವಾಗಬಹುದೆಂಬುದು ಅದರ ಸಾರ. ಆ ವರ್ಷವೂ ಬಂದುಹೋಯಿತು. ನಮ್ಮ ಧರ್ಮಕೇಂದ್ರಗಳ ಕಪಾಟುಗಳಲ್ಲಿ ಹಳೆಯ ಗುರುಗಳ ಪ್ರಸಂಗಗಳೂ ಗಾಯನ ಮಂಡಳಿಗಳ ಮೊದಲ ಮುದ್ರಣಗಳೂ ಹಿರಿಯರ ಮಾತುಗಳೂ ಇನ್ನೂ ಇವೆ.

ಇಳಿಸುವಾಗ ಪಾಲಿಸಬೇಕಾದ ಕ್ರಮ ಇಷ್ಟು:

ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಆರಲು ಬಿಡಿ. ಬಹುಕಾಲ ಮುಚ್ಚಿಟ್ಟ ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿರಿ. ಬೂಷ್ಟು ಹಿಡಿದದ್ದನ್ನು ಮಾತ್ರ ಓಡಿಸಬೇಡಿ, ಅದನ್ನು ಬೇರೆಯಾಗಿಡಿ. ಮುದ್ರಣದ ಮಟ್ಟ ಗರಿಷ್ಠ ಕಡೆಯಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ವೇವ್ ಕಡತವಾಗಿ ಉಳಿಸಿರಿ. ಹೀಗೆ ಒಂದು ಗಂಟೆಯ ಸ್ಟೀರಿಯೊ ಧ್ವನಿಗೆ ಸುಮಾರು 1 ಜಿಬಿ ಜಾಗ ಬೇಕು. ಹಳೆಯ ಕಾರ್ಡ್ 16 ಬಿಟ್‌ನದಾಗಿದ್ದು 44.1 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದರೆ ಗಂಟೆಗೆ ಸುಮಾರು 635 ಎಂಬಿ. ಎಂಪಿ3 ಪ್ರತಿ ಹಂಚುವುದಕ್ಕೆ ಮಾತ್ರ. ಅದನ್ನೇ ಮೂಲವೆಂದು ಇಟ್ಟುಕೊಳ್ಳಬೇಡಿ. ಕಡತದ ಹೆಸರಿನಲ್ಲಿ ಊರು, ವರ್ಷ, ಹಾಡಿದವರ ಹೆಸರು ಬರಲಿ. ಎರಡು ಪ್ರತಿಗಳು ಎರಡು ಬೇರೆ ಕಟ್ಟಡಗಳಲ್ಲಿರಲಿ.

ಸಿಸ್ಟಮ್ ಬದಲಿಸುವ ಮುನ್ನ

1. ಈಗ ಸರಿಯಾಗಿರುವ ಡ್ರೈವರಿನ ಕಡತವನ್ನೂ ಬಂದ ಸಿಡಿಯನ್ನೂ ಪೆನ್‌ಡ್ರೈವಿಗೆ ಇಳಿಸಿಟ್ಟುಕೊಳ್ಳಿ. ತಯಾರಕರ ತಾಣದಲ್ಲಿ ಅದು ನಾಳೆ ಇಲ್ಲದಿರಬಹುದು.
2. ಸಾಧನದ ಎರಡು ಸಂಖ್ಯೆಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ತಂತಿಗಳು ಎಲ್ಲೆಲ್ಲಿ ಹೋಗಿವೆ ಎಂಬುದರ ಫೋಟೊ ತೆಗೆದಿಡಿ.
3. ಹೊಸ ಸಿಸ್ಟಮ್‌ಗೆ ಡ್ರೈವರ್ ಇದೆಯೇ ಎಂದು ಮೊದಲೇ ನೋಡಿರಿ.
4. ಡಿಸ್ಕಿನ ಪೂರ್ಣ ಪ್ರತಿ ತೆಗೆದಿಡಿ. ಹಳೆಯದನ್ನು ಅಳಿಸದೆ ವಿಂಡೋಸ್ 11ಕ್ಕೆ ಏರಿಸಿದರೆ, ಬೇಡವೆನಿಸಿದಾಗ ಹಿಂದಿರುಗಲು 10 ದಿನಗಳ ಅವಕಾಶವಿದೆ. ಆ 10 ದಿನಗಳೊಳಗೇ ಪ್ರತಿಯೊಂದು ಧ್ವನಿ ಸಾಧನವನ್ನೂ ಪರೀಕ್ಷಿಸಿರಿ.
5. ನಾತಾಳ್, ಪಾಸ್ಖ, ಊರ ಹಬ್ಬ ಇವುಗಳ ಹಿಂದಿನ ವಾರದಲ್ಲಿ ಸಿಸ್ಟಮ್ ಬದಲಿಸಬೇಡಿ.

ಹರದನಹಳ್ಳಿಯ ಅಧ್ಯಾಪಕರಿಗೆ ನಾವು ಫೋನಿನಲ್ಲಿ ಹೇಳಿದ್ದು ಎರಡನೆಯ ದಾರಿಯನ್ನೇ. ಪಕ್ಕದ ಮನೆಯ ಕಾಲೇಜು ಹುಡುಗ ಪೆನ್‌ಡ್ರೈವ್ ಸಿದ್ಧಪಡಿಸಿಕೊಟ್ಟ. ಕಂಪ್ಯೂಟರ್ ಲಿನಕ್ಸ್‌ನಲ್ಲಿ ಆರಂಭವಾದಾಗ ಸತ್ತಿದೆ ಎಂದಿದ್ದ ಕಾರ್ಡಿನ ಹೆಸರು ಪರದೆಯ ಮೇಲೆ ಬಂತು. ಲೈನ್ ಇನ್ನಿಗೆ ಬೀಗ ಬಿದ್ದಿತ್ತು. ಅದನ್ನು ತೆಗೆದ ಕೂಡಲೇ ಕಂಸಾಳೆಯ ತಾಳ ಕೇಳಿಸಿತಂತೆ. ಹೊಸ ಲ್ಯಾಪ್‌ಟಾಪಿನ ಖರ್ಚು ಉಳಿಯಿತು.

ಆದರೆ ಕಾರ್ಡ್ ಸತ್ತಿದೆಯೆಂದು ನಂಬಿ ಅವರು ಕೈಕಟ್ಟಿ ಕುಳಿತದ್ದು ಒಂದು ಇಡೀ ಮಳೆಗಾಲ. ಆ ತಿಂಗಳುಗಳಲ್ಲಿ ಟ್ರಂಕಿನ ತಳದಲ್ಲಿದ್ದ ಎರಡು ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯಿತು. ಒಂದರಲ್ಲಿ ಅವರ ತಾಯಿ ಹಾಡಿದ ಸೋಬಾನೆ ಪದಗಳಿದ್ದವು. ಅದನ್ನು ಅವರು ಓಡಿಸದೆ ಬೇರೆಯಾಗಿ ತೆಗೆದಿಟ್ಟಿದ್ದಾರೆ. ಉಳಿದವುಗಳನ್ನು ದಿನಕ್ಕೊಂದರಂತೆ ಇಳಿಸುತ್ತಿದ್ದಾರೆ.

ನಿಮ್ಮ ಧರ್ಮಕೇಂದ್ರದ ಕಪಾಟನ್ನು ಈ ವಾರವೇ ಒಮ್ಮೆ ತೆರೆದು ನೋಡಿರಿ.